ಯಾವುದಕ್ಕೂ ಮನಸ್ಸಿಲ್ಲ ಎನ್ನುವವರಿಗೆ

ಈ ಸಲ ಬಂದ ಪತ್ರಗಳಲ್ಲಿ ದುಃಖವನ್ನು ತೋಡಿಕೊಂಡವರಿಗಿಂತ ‘ಏನೂ ಬೇಡ ಅನ್ನಿಸುತ್ತದೆ’ ಎಂದು ಬರೆದವರೇ ಹೆಚ್ಚು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಪ್ರಶ್ನೆ: ನನಗೆ 38 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಎರಡು ತಿಂಗಳಿಂದ ಯಾವ ಕೆಲಸಕ್ಕೂ ಮನಸ್ಸಿಲ್ಲ. ಶಾಲೆಗೆ ಹೋಗಿ ಬರುತ್ತೇನೆ, ಅಷ್ಟೆ. ಮನೆಗೆ ಬಂದರೆ ಸೀರೆ ಬದಲಿಸುವುದಕ್ಕೂ ಆಗದೆ ದಿವಾನದ ಮೇಲೆ ಕೂತುಬಿಡುತ್ತೇನೆ. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಲ್ಲ. ಹೂವಿನ ಕುಂಡಗಳೆಂದರೆ ನನಗೆ ಪ್ರಾಣವಾಗಿತ್ತು. ಈಗ ನೀರು ಹಾಕಿ ಎಷ್ಟು ದಿನವಾಯಿತೋ. ಅಳು ಬರುವುದಿಲ್ಲ, ಹೇಳಿಕೊಳ್ಳುವಂಥ ಕಷ್ಟವೂ ಇಲ್ಲ. ಮನೆಯವರು ‘ಸೋಮಾರಿತನ ಜಾಸ್ತಿಯಾಯ್ತು’ ಅನ್ನುತ್ತಾರೆ. ನನಗೂ ಹಾಗೇ ಅನ್ನಿಸತೊಡಗಿದೆ. ದುಃಖವೇ ಇಲ್ಲದ ಮೇಲೆ ಇದು ಖಿನ್ನತೆ ಹೇಗಾಗುತ್ತದೆ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಮೇಲೆ ನೀವೇ ಹೊರಿಸಿಕೊಂಡಿರುವ ಆರೋಪವನ್ನು ಮೊದಲು ಇಳಿಸೋಣ. ಸೋಮಾರಿಯಾದವರು ಕೆಲಸ ತಪ್ಪಿಸಿಕೊಂಡು ಆ ಹೊತ್ತನ್ನು ಹಾಯಾಗಿ ಕಳೆಯುತ್ತಾರೆ. ನೀವು ಕೂತಷ್ಟು ಹೊತ್ತೂ ಆ ಕಟ್ಟಿನ ಕಡೆ ನೋಡಿ ಕೊರಗುತ್ತಿದ್ದೀರಿ. ಅಷ್ಟೇ ಅಲ್ಲ, ಸೋಮಾರಿಗಳು ವೈದ್ಯರಿಗೆ ಎರಡು ಪುಟದ ಪತ್ರ ಬರೆಯುವುದು ಅಪರೂಪ.

ಅಳು ಬಾರದಿದ್ದರೆ ಖಿನ್ನತೆ ಅಲ್ಲವೆಂದು ಬಹಳ ಜನ ನಂಬಿದ್ದಾರೆ. ನಾವು ವೈದ್ಯರು ಮುಖ್ಯವಾಗಿ ನೋಡುವ ಲಕ್ಷಣ ಎರಡು. ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುವುದು ಒಂದು. ಮೊದಲು ಇಷ್ಟವಾಗುತ್ತಿದ್ದುದರಲ್ಲಿ ಈಗ ಆಸಕ್ತಿಯೂ ಸಂತೋಷವೂ ಸಿಗದಿರುವುದು ಇನ್ನೊಂದು. ಈ ಎರಡನೆಯದನ್ನು ಅನ್‌ಹೆಡೋನಿಯಾ (ಯಾವುದರಲ್ಲೂ ಸವಿ ಹತ್ತದ ಸ್ಥಿತಿ) ಎನ್ನುತ್ತೇವೆ. ಎರಡರಲ್ಲಿ ಒಂದಿದ್ದು, ಅದರ ಜೊತೆಗೆ ಸುಸ್ತು, ನಿದ್ದೆ–ಹಸಿವೆಯಲ್ಲಿ ಏರುಪೇರು, ಗಮನ ನಿಲ್ಲದಿರುವುದು, ತನ್ನಿಂದ ಏನೂ ಪ್ರಯೋಜನವಿಲ್ಲ ಎಂಬ ಭಾವನೆ, ಸಾವಿನ ಯೋಚನೆ ಇವುಗಳಲ್ಲಿ ಕೆಲವು ಸೇರಿಕೊಂಡು ಎರಡು ವಾರಕ್ಕೂ ಹೆಚ್ಚು ಕಾಲ ಉಳಿದರೆ ಖಿನ್ನತೆ ಎಂದು ತಿಳಿಯಬೇಕಾಗುತ್ತದೆ. ನೀವು ನಿದ್ದೆಯ ಬಗ್ಗೆ ಬರೆದಿಲ್ಲ. ನಸುಕಿನ ಮೂರು–ನಾಲ್ಕು ಗಂಟೆಗೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೆ ಅದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಹಾಗೆಂದು ನಾನು ಪತ್ರ ಓದಿ ಕಾಯಿಲೆಯ ಹೆಸರು ಬರೆದುಕೊಡುವುದಿಲ್ಲ. ದೇಹದ ಕೆಲವು ತೊಂದರೆಗಳೂ ಹೀಗೇ ಕಾಣಿಸುತ್ತವೆ. ಥೈರಾಯ್ಡ್ ಗ್ರಂಥಿ ನಿಧಾನವಾಗಿದ್ದರೆ ಮೈ ಭಾರ, ಮನಸ್ಸು ಜಡ. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚಾಗುವ ಹೆಂಗಸರಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆಯೂ ಹಾಗೆಯೇ. ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಸಕ್ಕರೆ ಇಷ್ಟನ್ನು ಒಮ್ಮೆ ನೋಡಿಸಿ. ಕೊರತೆ ಸಿಕ್ಕಿದರೆ ಸರಿಪಡಿಸುವುದು ಸುಲಭ. ಎಲ್ಲವೂ ಸರಿಯಿದ್ದರೆ ‘ರಿಪೋರ್ಟ್ ನಾರ್ಮಲ್, ಏನೂ ಇಲ್ಲ’ ಎಂದು ಟಾನಿಕ್ ಬಾಟಲಿ ಹಿಡಿದು ಮನೆಗೆ ಹೋಗಬೇಡಿ. ರಕ್ತದಲ್ಲಿ ಕಾಣದ ಕಾಯಿಲೆಯೂ ಕಾಯಿಲೆಯೇ. ಮನೋವೈದ್ಯರನ್ನು ಕಾಣಿ.

ಅಲ್ಲಿಯವರೆಗೆ ಒಂದು ಕೆಲಸ. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ಐದನ್ನು ಮಾತ್ರ ತೆಗೆದು, ಉಳಿದದ್ದನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿ. ಐದು ಮುಗಿದರೆ ಆ ದಿನದ ಲೆಕ್ಕ ಮುಗಿಯಿತು. ಆರನೆಯದನ್ನು ಮುಟ್ಟಬಾರದು. ಕುಂಡಗಳ ವಿಷಯದಲ್ಲೂ ಅಷ್ಟೆ, ಒಂದಕ್ಕೆ ನೀರು ಹಾಕಿ.

ನಿಮ್ಮ ಮನೆಯವರು ಈ ಸಾಲುಗಳನ್ನು ಓದುವುದಾದರೆ ಅವರಿಗೂ ಒಂದು ಮಾತು. ಶಾಲೆಯ ಕೆಲಸ ಮುಗಿಸಿ ಬಂದವರು ಮನೆಯ ಕೆಲಸವನ್ನೂ ಒಬ್ಬರೇ ಮಾಡಬೇಕೆಂಬ ಏರ್ಪಾಡು ಇದ್ದರೆ, ‘ಸೋಮಾರಿ’ ಎನ್ನುವ ಮೊದಲು ಆ ಏರ್ಪಾಡನ್ನೇ ಒಮ್ಮೆ ನೋಡಿಕೊಳ್ಳಿ. ಆಸ್ಪತ್ರೆಗೆ ಅವರ ಜೊತೆಯಲ್ಲಿ ಹೋಗಿ.

ಪ್ರಶ್ನೆ: ವಯಸ್ಸು 27. ಊರು ಕೊಪ್ಪಳದ ಕಡೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಪಿ.ಜಿ.ಯಲ್ಲಿದ್ದೇನೆ. ಖಿನ್ನತೆ ಎಂದು ವೈದ್ಯರು ಹೇಳಿ ಮಾತ್ರೆ ಕೊಟ್ಟಿದ್ದಾರೆ. ವಿಡಿಯೊಗಳನ್ನು ನೋಡಿ ಟೈಮ್‌ಟೇಬಲ್ ಹಾಕಿಕೊಂಡೆ: ಬೆಳಿಗ್ಗೆ ಐದಕ್ಕೆ ಏಳುವುದು, ತಣ್ಣೀರು ಸ್ನಾನ, ಜಿಮ್, ಒಂದು ತಾಸು ಓದು. ಮೂರು ದಿನಕ್ಕೆ ಬಿದ್ದುಹೋಯಿತು. ಮತ್ತೆ ಶುರು ಮಾಡಿದೆ, ಮತ್ತೆ ಬಿತ್ತು. ಮ್ಯಾನೇಜರ್ ಕಳಿಸಿದ ಮೇಲ್‌ಗಳನ್ನು ತೆರೆಯಲೂ ಆಗುತ್ತಿಲ್ಲ. ನನಗೆ ಮನೋಬಲವೇ ಇಲ್ಲ. ಮನಸ್ಸು ಬಂದ ದಿನ ಚೆನ್ನಾಗಿಯೇ ಮಾಡುತ್ತೇನೆ. ಆ ಮನಸ್ಸು ಬರುವ ಹಾಗೆ ಮಾಡುವುದು ಹೇಗೆ?
— ಓದುಗರು, ಬೆಂಗಳೂರು

ಉತ್ತರ: ಬಿದ್ದುಹೋದದ್ದು ಟೈಮ್‌ಟೇಬಲ್, ನೀವಲ್ಲ. ಅದು ಆರೋಗ್ಯವಾಗಿರುವ ಹತ್ತು ಜನರಲ್ಲಿ ಒಂಬತ್ತು ಮಂದಿಯೂ ಪಾಲಿಸಲಾರದ ಪಟ್ಟಿ. ಜ್ವರ ಬಂದವರಿಗೆ ಬೆಟ್ಟ ಹತ್ತಲು ಯಾರೂ ಹೇಳುವುದಿಲ್ಲ. ಖಿನ್ನತೆ ಹೊರಗೆ ಕಾಣದ ಕಾರಣ ಆ ವಿಡಿಯೊ ಮಾಡಿದವರಿಗೆ ಅದು ಹೊಳೆದಿಲ್ಲ, ನಿಮಗೂ ಹೊಳೆದಿಲ್ಲ. ಮೂರು ದಿನ ನಡೆಸಿದ್ದೇ ನನಗೆ ಆಶ್ಚರ್ಯ.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರೋಣ, ಗಂಟು ಇರುವುದು ಅಲ್ಲಿಯೇ. ಮಾಮೂಲಿ ದಿನಗಳಲ್ಲಿ ಮೊದಲು ಆಸೆ ಹುಟ್ಟುತ್ತದೆ, ಆಮೇಲೆ ಕೆಲಸ, ಆಮೇಲೆ ಅದರ ಸಂತೋಷ. ಆ ಸಂತೋಷದಿಂದ ಮತ್ತೆ ಆಸೆ. ಖಿನ್ನತೆಯಲ್ಲಿ ಈ ಸರಪಳಿಯ ಮೊದಲ ಕೊಂಡಿಯೇ ಕಳಚಿರುತ್ತದೆ. ಅದು ತಾನಾಗಿ ಕೂಡಿಕೊಳ್ಳಲಿ ಎಂದು ಕೋಣೆಯಲ್ಲಿ ಕಾಯುತ್ತ ಕೂತರೆ ಕೆಲಸವೂ ಇಲ್ಲ, ಸಂತೋಷವೂ ಇಲ್ಲ. ಆಸೆ ಇನ್ನಷ್ಟು ಬತ್ತುತ್ತದೆ. ಆದ್ದರಿಂದ ಎರಡನೆಯ ಕೊಂಡಿಯಿಂದ ಶುರು ಮಾಡಬೇಕು. ನಿಮ್ಮೂರ ಕಡೆ ಬಾವಿಯ ಪಂಪ್‌ಸೆಟ್ಟು ಬರೀ ಗಾಳಿ ಎಳೆಯುತ್ತಿದ್ದರೆ ಮೊದಲು ಮೇಲಿನಿಂದ ಒಂದೆರಡು ಕೊಡ ನೀರು ಹುಯ್ಯುತ್ತಾರಲ್ಲ, ಹಾಗೆ. ಮನಸ್ಸಿಲ್ಲದೆಯೇ ಮಾಡಿದ ಸಣ್ಣ ಕೆಲಸ ಆ ಹುಯ್ದ ನೀರು.

ಇದು ನನ್ನ ಹಿತವಚನವಲ್ಲ, ಪರೀಕ್ಷಿಸಿ ನೋಡಿದ ಚಿಕಿತ್ಸೆ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್ಸನ್ ಈ ದಾರಿಯನ್ನು ಹಿಡಿದರು. ಈಗ ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ (ಚಟುವಟಿಕೆಯ ಮೂಲಕ ಮನಸ್ಸನ್ನು ಎಬ್ಬಿಸುವ ಚಿಕಿತ್ಸೆ) ಎಂದು ಹೆಸರು. ನಮ್ಮ ಪಕ್ಕದ ಗೋವಾದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಸಾಕಷ್ಟು ತೀವ್ರವಾದ ಖಿನ್ನತೆಯಿದ್ದ 495 ಮಂದಿಯ ಮೇಲೆ ಇದೇ ತಳಹದಿಯ ಚಿಕಿತ್ಸೆಯನ್ನು ಪರೀಕ್ಷಿಸಿದರು. ಚಿಕಿತ್ಸೆ ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ ಮಾತ್ರ. ಚಿಕಿತ್ಸೆ ಸಿಕ್ಕಿದವರಲ್ಲಿ ಮೂರು ತಿಂಗಳ ಹೊತ್ತಿಗೆ ಹೆಚ್ಚು ಮಂದಿ ಚೇತರಿಸಿಕೊಂಡಿದ್ದರು. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಯಾರಿಗೂ ಐದು ಗಂಟೆಗೆ ತಣ್ಣೀರು ಸ್ನಾನ ಮಾಡಿಸಿರಲಿಲ್ಲ.

ಹೇಗೆ ಮಾಡುವುದು? ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಎರಡು ಮೂರು ದಿನ ಏನನ್ನೂ ಬದಲಿಸಬೇಡಿ. ಯಾವ ಹೊತ್ತಿಗೆ ಏನು ಮಾಡುತ್ತಿದ್ದಿರಿ, ಆಗ ಮನಸ್ಸು ಹೇಗಿತ್ತು ಎಂದು ಹತ್ತಕ್ಕೆ ಇಷ್ಟು ಅಂಕವೆಂದು ಬರೆಯಿರಿ. ಇಡೀ ದಿನ ಒಂದೇ ಸಮನೆ ಕತ್ತಲೆ ಎಂದು ಈಗ ಅನ್ನಿಸುತ್ತಿದೆ. ಬರೆದು ನೋಡಿದಾಗ ಎಲ್ಲೋ ಒಂದು ಕಡೆ ಎರಡಿದ್ದದ್ದು ಮೂರಾಗಿರುತ್ತದೆ. ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರೋ ಅದೇ ನಿಮ್ಮ ಮೊದಲ ಸುಳಿವು.

ಆಮೇಲೆ ದಿನಕ್ಕೆ ಎರಡೇ ಕೆಲಸ. ಒಂದು ಮಾಡಲೇಬೇಕಾದದ್ದು, ಇನ್ನೊಂದು ಹಿಂದೆ ಖುಷಿ ಕೊಡುತ್ತಿದ್ದದ್ದು. ಅತಿ ಕೆಟ್ಟ ದಿನದಲ್ಲೂ ಮಾಡಬಹುದಾದಷ್ಟು ಚಿಕ್ಕದಾಗಿರಲಿ. ಒಂದು ಅಂಗಿ ಒಗೆಯುವುದು. ಚಪ್ಪಲಿ ಮೆಟ್ಟಿ ಕೆಳಗಿಳಿದು ದರ್ಶಿನಿಯಲ್ಲಿ ನಿಂತು ಚಹಾ ಕುಡಿದು ಬರುವುದು (ಪಾರ್ಸಲ್ ತರಿಸಿ ಕೋಣೆಯಲ್ಲಿ ಕುಡಿದರೆ ಲೆಕ್ಕಕ್ಕಿಲ್ಲ). ಊರಿಗೆ ಫೋನ್ ಮಾಡಿ ಅವ್ವನ ಜೊತೆ ಐದು ನಿಮಿಷ ಮಾತಾಡುವುದು. ಅದಕ್ಕೆ ಗಡಿಯಾರದ ಹೊತ್ತು ಗೊತ್ತು ಮಾಡಿ. ‘ಸ್ವಲ್ಪ ಹೊತ್ತು ಬಿಟ್ಟು’ ಎಂದು ಇಟ್ಟುಕೊಂಡರೆ ನಿರ್ಧಾರ ಮತ್ತೆ ಮನಸ್ಸಿನ ಕೈಗೆ ಹೋಗುತ್ತದೆ. ಸಂಜೆ ಆರು ಎಂದರೆ ಆರು.

ಇನ್ನೊಂದು ಉಪಾಯವಿದೆ, ನನಗೆ ಬಹಳ ಇಷ್ಟವಾದದ್ದು. ಚಹಾಕ್ಕೆ ಇಳಿಯುವ ಮೊದಲು ‘ಇದರಿಂದ ಎಷ್ಟು ಹಿತವಾಗಬಹುದು’ ಎಂದು ಅಂಕ ಬರೆಯಿರಿ. ಸೊನ್ನೆ ಎಂದೇ ಬರೆಯುತ್ತೀರಿ, ಬರೆಯಿರಿ. ಬಂದ ಮೇಲೆ ನಿಜಕ್ಕೂ ಎಷ್ಟಾಯಿತೆಂದು ಪಕ್ಕದಲ್ಲಿ ಬರೆಯಿರಿ. ಖಿನ್ನತೆ ಮುಂದಾಗುವುದನ್ನು ಕಪ್ಪಾಗಿ ಊಹಿಸಿ ತೋರಿಸುತ್ತದೆ. ಅನುಭವ ಅನೇಕ ವೇಳೆ ಆ ಊಹೆಯಷ್ಟು ಕಪ್ಪಾಗಿರುವುದಿಲ್ಲ. ಒಂದು ವಾರದ ಅಂಕಗಳು ನಿಮ್ಮದೇ ಕೈಬರಹದಲ್ಲಿ ಎದುರಿಗಿದ್ದಾಗ ನಂಬಲು ಸುಲಭ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಲು ಹೋಗಬೇಡಿ, ಅಷ್ಟನ್ನೇ ಮಾಡಿ.

ಮೇಲ್‌ಗಳ ವಿಷಯ. ತೆರೆಯದಿದ್ದರೆ ಆ ಕ್ಷಣ ಹಾಯೆನಿಸುತ್ತದೆ, ಭಯ ಬೆಳೆಯುತ್ತದೆ. ಇವತ್ತು ತೆರೆದು ಓದಿ, ಉತ್ತರ ಬೇಡ. ನಾಳೆ ಒಂದಕ್ಕೆ ‘ನೋಡಿದೆ, ಗುರುವಾರದೊಳಗೆ ತಿಳಿಸುತ್ತೇನೆ’ ಎಂದು ಒಂದೇ ಸಾಲು. ಫೋನಿನಲ್ಲಿ ರೀಲ್ಸ್ ನೋಡುತ್ತ ರಾತ್ರಿ ಕಳೆಯುತ್ತೀರೆಂದು ನನ್ನ ಊಹೆ. ಬೈಯುವುದಿಲ್ಲ, ಚಾರ್ಜರನ್ನು ಮಂಚದಿಂದ ದೂರ ಇಡಿ. ಮಾತ್ರೆಯನ್ನು ಮುಂದುವರಿಸಿ. ಅದೂ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು.

ಪ್ರಶ್ನೆ: ಮಗನಿಗೆ ಇಪ್ಪತ್ತು. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ವಿಷಯಗಳು ಉಳಿದುಕೊಂಡು ಮನೆಗೆ ಬಂದವನು ಮತ್ತೆ ಹೋಗಿಲ್ಲ. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ನಿದ್ದೆ. ಬಾಗಿಲು ಹಾಕಿಕೊಂಡೇ ಇರುತ್ತಾನೆ. ಸ್ನಾನಕ್ಕೂ ಹತ್ತು ಸಲ ಹೇಳಬೇಕು. ಅವರಪ್ಪ ಕೂಗಾಡುತ್ತಾರೆ. ನಾನು ಊಟದ ತಟ್ಟೆಯನ್ನು ಕೋಣೆಗೇ ಕೊಟ್ಟು ಬರುತ್ತೇನೆ. ನಮ್ಮತ್ತೆ ಯಾರೋ ಮಾಟ ಮಾಡಿಸಿದ್ದಾರೆ, ಧರ್ಮಸ್ಥಳಕ್ಕೆ ಹರಕೆ ಹೊರಿ ಅನ್ನುತ್ತಾರೆ. ಮೊನ್ನೆ ‘ನಾನು ಇದ್ದರೆಷ್ಟು, ಹೋದರೆಷ್ಟು’ ಅಂದ. ಬೈದು ಎಬ್ಬಿಸಬೇಕೆ, ಅವನ ಪಾಡಿಗೆ ಬಿಡಬೇಕೆ?
— ತಾಯಿ, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದ ಕೊನೆಯಿಂದ ಶುರು ಮಾಡುತ್ತೇನೆ, ತಾಯಿ. ಉಳಿದುದೆಲ್ಲ ಕಾಯಬಹುದು, ಆ ಒಂದು ಮಾತು ಕಾಯಬಾರದು.

ಇವತ್ತೇ, ಮನೆಯಲ್ಲಿ ಗಲಾಟೆ ಇಲ್ಲದ ಹೊತ್ತಿನಲ್ಲಿ, ಅವನ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: ‘ಮೊನ್ನೆ ಹಾಗಂದೆಯಲ್ಲ, ಸಾಯಬೇಕು ಅನ್ನಿಸುತ್ತಿದೆಯಾ ಮಗಾ?’ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಎಲ್ಲ ತಂದೆತಾಯಿಗೂ ಇರುತ್ತದೆ. ಹಾಗಾಗುವುದಿಲ್ಲ. ಒಬ್ಬನೇ ಹೊತ್ತುಕೊಂಡಿದ್ದನ್ನು ಹೇಳಿಕೊಳ್ಳಲು ದಾರಿ ಸಿಕ್ಕಿ ಹಗುರಾಗುವವರೇ ಹೆಚ್ಚು. ಏನು ಹೇಳಿದರೂ ಅಳಬೇಡಿ, ಆಣೆ ಹಾಕಿಸಿಕೊಳ್ಳಬೇಡಿ, ಬುದ್ಧಿ ಹೇಳಬೇಡಿ. ಕೇಳಿಸಿಕೊಳ್ಳಿ.

ಹೌದು ಎಂದರೆ, ಅಥವಾ ಹೇಗೆಂದು ಯೋಚಿಸಿದ್ದೇನೆ ಎಂದರೆ, ಒಬ್ಬನನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧ, ಮನೆಯಲ್ಲಿರುವ ಮಾತ್ರೆಗಳು ಬೀಗದಲ್ಲಿರಲಿ, ಅಥವಾ ಬೇರೆಯವರ ಮನೆಗೆ ಹೋಗಲಿ. ಅದೇ ದಿನ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಕರೆದೊಯ್ಯಿರಿ. ರಾತ್ರಿಯಾಗಿದ್ದರೆ ತುರ್ತು ವಿಭಾಗಕ್ಕೇ ಹೋಗಿ. ಏನು ಮಾಡಬೇಕೆಂದು ತೋಚದಿದ್ದರೆ ಟೆಲಿ–ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತಾರೆ. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಮುಚ್ಚಿಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣಬೇಕು, ಶಿಕ್ಷಿಸುವುದಲ್ಲ. ಬರೀ ಯೋಚನೆ ಹೇಳಿಕೊಂಡರಂತೂ ಕೇಸಿನ ಪ್ರಶ್ನೆಯೇ ಇಲ್ಲ.

‘ಇಲ್ಲಮ್ಮ, ಸುಮ್ಮನೆ ಅಂದೆ’ ಎಂದರೂ ಈ ವಾರದಲ್ಲಿ ವೈದ್ಯರಿಗೆ ತೋರಿಸಲೇಬೇಕು.

ಈಗ ಬೈಯುವ ಮಾತು. ಅವರಪ್ಪನ ಕೂಗಾಟದ ಒಳಗಿರುವುದು ಹೆದರಿಕೆ. ಆದರೆ ಮಗನಿಗೆ ಕೇಳಿಸುವುದು ಕೂಗು ಮಾತ್ರ. ‘ನಿನ್ನಿಂದ ಏನೂ ಆಗಲ್ಲ’ ಎಂದು ಅವನ ಕಾಯಿಲೆ ದಿನಕ್ಕೆ ನೂರು ಸಲ ಹೇಳುತ್ತಿದೆ, ಅಪ್ಪನೂ ಅದಕ್ಕೆ ದನಿಗೂಡಿಸುವುದು ಬೇಡ. ಹಾಗೆಂದು ಪೂರ್ತಿ ಬಿಟ್ಟುಬಿಡುವುದೂ ಸರಿಯಲ್ಲ. ನೀವು ತಟ್ಟೆಯನ್ನು ಕೋಣೆಗೆ ಕೊಡುತ್ತಿರುವುದು ಪ್ರೀತಿಯಿಂದಲೇ. ಆದರೂ ಅವನು ಹೊರಗೆ ಬರಲು ಇದ್ದ ಒಂದೇ ಕಾರಣವನ್ನೂ ಅದು ಇಲ್ಲದಂತೆ ಮಾಡಿದೆ. ನಾಳೆಯಿಂದ ಒಂದು ಹೊತ್ತಿನ ಊಟ ನಡುಮನೆಯಲ್ಲಿ ಎಂದು ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಕಾಲೇಜಿನ ಸುದ್ದಿಯನ್ನು ಯಾರೂ ಎತ್ತಬಾರದು.

‘ಏನಾದರೂ ಮಾಡೋ’ ಎಂದರೆ ಅವನಿಂದ ಆಗುವುದಿಲ್ಲ. ಏನು ಎಂದು ಆರಿಸಿಕೊಳ್ಳುವ ಶಕ್ತಿಯೇ ಈಗ ಅವನಲ್ಲಿ ಕಡಿಮೆ. ‘ಹಿಟ್ಟಿನ ಗಿರಣಿಗೆ ಹೋಗಬೇಕು, ಗಾಡಿ ತೆಗಿ, ನಾನೂ ಬರ್ತೀನಿ’ ಎಂದು ಕರೆಯಿರಿ. ಬಂದರೆ ‘ಅಂತೂ ಎದ್ದೆಯಲ್ಲ ಮಹಾರಾಯ’ ಎಂದು ಕುಟುಕಬೇಡಿ. ಬಾರದಿದ್ದರೆ ಮುಖ ಸಪ್ಪಗೆ ಮಾಡದೆ ನಾಡಿದ್ದು ಮತ್ತೆ ಕರೆಯಿರಿ. ನಿದ್ದೆಯನ್ನು ಸರಿಪಡಿಸುವಾಗ ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಹಿಡಿಯಿರಿ. ಮೂರು ನಾಲ್ಕು ದಿನಕ್ಕೆ ಅರ್ಧ ತಾಸಿನಂತೆ ಹಿಂದಕ್ಕೆ ತಂದರೆ ಸಾಕು. ಎದ್ದ ಮೇಲೆ ಅಂಗಳದ ಬಿಸಿಲಿಗೆ ಬರಲಿ.

ಅತ್ತೆಯವರ ಮನಸ್ಸನ್ನು ನೋಯಿಸುವುದು ಬೇಡ. ಧರ್ಮಸ್ಥಳಕ್ಕೆ ಹೋಗಿ ಬನ್ನಿ, ಮಗನಿಗೂ ನಾಲ್ಕು ಜನರ ನಡುವೆ ಓಡಾಡಿದಂತಾಗುತ್ತದೆ. ಆದರೆ ಆಸ್ಪತ್ರೆಗೆ ಹೋಗುವುದು ಅದಕ್ಕಿಂತ ಮೊದಲು.

ಪ್ರಶ್ನೆ: ಅಡಿಕೆ ಕೃಷಿಕ, 46 ವರ್ಷ. ತೋಟಕ್ಕೆ ಎಲೆಚುಕ್ಕಿ ರೋಗ ಬಂದ ವರ್ಷ ನಿದ್ದೆ ಕೆಟ್ಟು, ಗಾಬರಿಯಾಗಿ, ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಐದು ತಿಂಗಳಿಂದ ಎಸ್ಸಿಟಲೋಪ್ರಾಮ್ ಮಾತ್ರೆ. ಅಳು, ಗಾಬರಿ ಹೋದವು, ನಿದ್ದೆ ಬಂತು. ಆದರೆ ನಗುವೂ ಹೋಯಿತು. ಮಗಳು ಒಳ್ಳೆಯ ಅಂಕ ತಂದಾಗಲೂ ಒಳಗೆ ಏನೂ ಆಗಲಿಲ್ಲ. ಆಟಕ್ಕೆ (ಯಕ್ಷಗಾನ) ಹೋಗಿ ಅರ್ಧಕ್ಕೇ ಎದ್ದು ಬಂದೆ. ಇದು ಮಾತ್ರೆಯ ಕೆಲಸವೆ? ಬಿಟ್ಟುಬಿಡಲೆ? ಚಟವಾಗುತ್ತದೆ ಎಂದೂ ಹೇಳುತ್ತಾರೆ. ಸಂಜೆ ಎರಡು ಪೆಗ್ ಹಾಕಿದರೆ ಸ್ವಲ್ಪ ಗೆಲುವಾಗುತ್ತದೆ.
— ಓದುಗರು, ಯಲ್ಲಾಪುರ

ಉತ್ತರ: ಮಗಳ ಸಂತೋಷದಲ್ಲಿ ಪಾಲ್ಗೊಳ್ಳಲಾಗಲಿಲ್ಲ ಎಂಬ ನೋವು ನಿಮ್ಮ ಪತ್ರದಲ್ಲಿದೆ. ಆ ನೋವು ಇದೆ ಎಂದರೆ ಒಳಗೆ ಪೂರ್ತಿ ಆರಿಲ್ಲ. ನಿಮ್ಮ ಅನುಮಾನವೂ ನ್ಯಾಯವಾದದ್ದೇ, ಮಾತ್ರೆಯಿಂದ ಹೀಗಾಗುವುದುಂಟು. ಈ ಗುಂಪಿನ ಔಷಧ ತೆಗೆದುಕೊಳ್ಳುವ ಕೆಲವರಲ್ಲಿ ದುಃಖದ ಜೊತೆಗೆ ಸಂತೋಷವೂ ಮೊಂಡಾಗುತ್ತದೆ. ಆದರೆ ಕಾಯಿಲೆಯೇ ಪೂರ್ತಿ ಹೋಗದೆ ಉಳಿದಿದ್ದರೂ ಹೀಗೇ ಇರುತ್ತದೆ. ಚೇತರಿಸಿಕೊಳ್ಳುವಾಗ ಸಾಮಾನ್ಯವಾಗಿ ನಿದ್ದೆ, ಹಸಿವೆ ಮೊದಲು ಸರಿಯಾಗುತ್ತವೆ. ಆಸಕ್ತಿ ತಡವಾಗಿ ಬರುತ್ತದೆ.

ಎರಡನ್ನು ಬೇರ್ಪಡಿಸಲು ನಿಮ್ಮ ವೈದ್ಯರಿಗೆ ನಿಮ್ಮಿಂದ ಕೆಲವು ವಿವರ ಬೇಕು. ಆಟ ಬೇಡವೆನಿಸಿದ್ದು ಮಾತ್ರೆಗೆ ಮೊದಲೋ, ಆಮೇಲೋ? ಪ್ರಮಾಣ ಹೆಚ್ಚಿಸಿದ ಮೇಲೆ ಹೆಚ್ಚಾಯಿತೆ? ಅಳಬೇಕಾದ ಕಡೆಯಲ್ಲೂ ಅಳು ಬರುತ್ತಿಲ್ಲವೆ? ಸುಸ್ತು, ತನ್ನನ್ನು ತಾನು ಹಳಿದುಕೊಳ್ಳುವುದು ಇನ್ನೂ ಇದೆಯೆ? ಮಾತ್ರೆಯೇ ಕಾರಣವೆಂದಾದರೆ ಪ್ರಮಾಣ ಇಳಿಸಬಹುದು, ಬೇರೆ ಗುಂಪಿನ ಔಷಧಕ್ಕೆ ಬದಲಾಯಿಸಬಹುದು. ಕಾಯಿಲೆಯೇ ಉಳಿದಿದ್ದರೆ ಮಾಡಬೇಕಾದದ್ದು ಇದರ ತಿರುಗುಮುರುಗು. ಅದಕ್ಕೇ ನೀವಾಗಿ ಏನನ್ನೂ ಮಾಡಬೇಡಿ ಎನ್ನುವುದು. ಹಾಗೆಯೇ, ದಾಂಪತ್ಯದಲ್ಲಿ ಆಸಕ್ತಿ ಕುಗ್ಗಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಈ ಔಷಧಗಳಿಂದ ಅದು ಆಗುವುದು ವೈದ್ಯರಿಗೆ ಗೊತ್ತಿರುವ ವಿಷಯವೇ.

ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಮೈಯಲ್ಲಿ ಕರೆಂಟು ಹೊಡೆದಂಥ ಅನುಭವ, ಸಿಡುಕು, ನಿದ್ದೆಗೇಡು ಕಾಣಿಸಿಕೊಳ್ಳಬಹುದು. ಇದನ್ನು ನೋಡಿಯೇ ಜನ ಚಟ ಎನ್ನುವುದು. ಚಟವಾದರೆ ಬೇಕುಬೇಕೆಂಬ ಹಂಬಲವಿರುತ್ತದೆ, ಪ್ರಮಾಣ ಏರುತ್ತ ಹೋಗುತ್ತದೆ. ಇಲ್ಲಿ ಎರಡೂ ಇಲ್ಲ. ದೇಹ ಒಗ್ಗಿಕೊಂಡಿರುತ್ತದೆ, ನಿಧಾನವಾಗಿ ಇಳಿಸಬೇಕು. ಮೊದಲ ಸಲ ಖಿನ್ನತೆ ಬಂದವರಿಗೆ ಚೇತರಿಸಿಕೊಂಡ ಮೇಲೆ ಆರರಿಂದ ಒಂಬತ್ತು ತಿಂಗಳು ಮುಂದುವರಿಸುವುದು ರೂಢಿ. ಎಲ್ಲರಿಗೂ ಜೀವನಪೂರ್ತಿ ಬೇಕಾಗುವುದಿಲ್ಲ.

ಪೆಗ್ಗಿನ ಗೆಲುವು ಒಂದೆರಡು ತಾಸಿನದು. ಮದ್ಯ ಮಿದುಳನ್ನು ಕುಗ್ಗಿಸುವ ವಸ್ತು. ನಸುಕಿನ ನಿದ್ದೆಯನ್ನು ಕೆಡಿಸುತ್ತದೆ, ಮರುದಿನದ ಮನಸ್ಸನ್ನು ಇನ್ನಷ್ಟು ಇಳಿಸುತ್ತದೆ. ನಿಮ್ಮ ನಿರಾಸಕ್ತಿಯಲ್ಲಿ ಅದರ ಪಾಲೂ ಇರಬಹುದು. ವೈದ್ಯರ ಬಳಿ ಇದನ್ನು ಮುಚ್ಚಿಡಬೇಡಿ.

ಆಟದಿಂದ ಅರ್ಧಕ್ಕೆ ಎದ್ದು ಬಂದದ್ದನ್ನು ಸೋಲೆಂಬಂತೆ ಬರೆದಿದ್ದೀರಿ. ಅರ್ಧ ಆಟ ನೋಡಿದಿರಲ್ಲ! ಮುಂದಿನ ಸಲವೂ ಅರ್ಧವೇ ನೋಡುತ್ತೇನೆ ಎಂದು ಹೇಳಿಯೇ ಹೊರಡಿ. ಜೊತೆಗೆ ಮಗಳನ್ನು ಕರೆದುಕೊಂಡು ಹೋಗಿ.

ಪ್ರಶ್ನೆ: ನಾಲ್ಕು ವರ್ಷದಿಂದ ಟೊರಾಂಟೊದಲ್ಲಿದ್ದೇವೆ. ನವೆಂಬರ್ ಬಂತೆಂದರೆ ಮೈಮನಸ್ಸು ಎರಡೂ ಮುದುಡಿಕೊಳ್ಳುತ್ತವೆ, ಎಷ್ಟು ಮಲಗಿದರೂ ಸಾಲದು. ಏಪ್ರಿಲ್‌ನಲ್ಲಿ ತಾನಾಗಿ ಸರಿಹೋಗುತ್ತದೆ. ಊರಿನ ನೆನಪಿನಿಂದಲೆ?
— ಗೃಹಿಣಿ, ಕೆನಡಾ

ಉತ್ತರ: ಊರಿನ ನೆನಪಿಗೆ ತಿಂಗಳ ಲೆಕ್ಕವಿರುವುದಿಲ್ಲ. ಪ್ರತಿವರ್ಷ ಅದೇ ಹೊತ್ತಿಗೆ ಬಂದು ಹೋಗುತ್ತಿದ್ದರೆ ಅದು ಋತುಮಾನದ ಖಿನ್ನತೆ (ಚಳಿಗಾಲದಲ್ಲಿ ಬಿಸಿಲು ಕಡಿಮೆಯಾದಾಗ ಬರುವ ಖಿನ್ನತೆ) ಇರಬಹುದು. ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಅವರ ಸಂಗಡಿಗರು 1984ರಲ್ಲಿ ಇದನ್ನು ವಿವರಿಸಿದರು. 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ಬೆಳಿಗ್ಗೆ ಎದ್ದ ಕೂಡಲೆ ಅರ್ಧ ಗಂಟೆ ಕೂರುವುದು ಇದರ ಪರಿಚಿತ ಚಿಕಿತ್ಸೆ. ಕಾಫಿ ಕುಡಿಯುತ್ತಲೇ ಕೂರಬಹುದು. ಕಣ್ಣಿನ ಅಕ್ಷಿಪಟಲದ (ರೆಟಿನಾ) ತೊಂದರೆ ಇದ್ದರೆ, ಅಥವಾ ಹಿಂದೆಂದಾದರೂ ಉನ್ಮಾದ (ಅತಿಯಾದ ಹುರುಪು, ನಿದ್ದೆಯೇ ಬೇಡವೆನಿಸುವ ಸ್ಥಿತಿ) ಬಂದಿದ್ದರೆ ವೈದ್ಯರನ್ನು ಕೇಳದೆ ಬಳಸಬೇಡಿ. ಮೋಡವಿದ್ದರೂ ಮಧ್ಯಾಹ್ನ ಹೊರಗೆ ನಡೆಯಿರಿ. ಮುಂದಿನ ವರ್ಷ ಅಕ್ಟೋಬರ್‌ನಲ್ಲೇ ವೈದ್ಯರನ್ನು ಕಂಡು ಸಿದ್ಧರಾಗಿ.

ಪ್ರಶ್ನೆ: ತಂದೆಗೆ 74. ವರ್ಷದಿಂದೀಚೆಗೆ ಪೇಪರ್ ಓದುವುದಿಲ್ಲ, ಪಾರ್ಕಿನ ಗೆಳೆಯರ ಗುಂಪಿಗೆ ಹೋಗುವುದಿಲ್ಲ. ಕೂರಿಸಿದ ಕಡೆ ಕೂತಿರುತ್ತಾರೆ. ಬೇಸರವೇ ಎಂದರೆ ‘ಚೆನ್ನಾಗೇ ಇದ್ದೀನಲ್ಲ’ ಅನ್ನುತ್ತಾರೆ. ಅಮ್ಮ ಇದನ್ನು ವೈರಾಗ್ಯ ಅನ್ನುತ್ತಾರೆ. ಖಿನ್ನತೆಯೆ?
— ಮಗಳು, ಮೈಸೂರು

ಉತ್ತರ: ಖಿನ್ನತೆ ಇರಬಹುದು, ಇಲ್ಲದೆಯೂ ಇರಬಹುದು. ಖಿನ್ನತೆಯಿರುವ ಹಿರಿಯರಲ್ಲಿ ಒಳಗೊಂದು ಸಂಕಟವಿರುತ್ತದೆ: ನಿದ್ದೆ ಇಲ್ಲ, ಊಟ ಸೇರದು, ‘ನಿಮಗೆಲ್ಲ ಭಾರವಾದೆ’ ಎನ್ನುತ್ತಾರೆ. ನಿಮ್ಮ ತಂದೆಯವರಿಗೆ ಸಂಕಟವೇ ಇದ್ದಂತಿಲ್ಲ, ಸಂಕಟಪಡುತ್ತಿರುವವರು ನೀವು. ಇಂಥ ಬರಿಯ ನಿರಾಸಕ್ತಿ ಮರೆವಿನ ಕಾಯಿಲೆಯ (ಡಿಮೆನ್ಶಿಯಾ) ಆರಂಭದಲ್ಲಿ, ಪಾರ್ಕಿನ್ಸನ್ ಕಾಯಿಲೆಯಲ್ಲಿ, ಮಿದುಳಿನಲ್ಲಿ ಗೊತ್ತಾಗದಂತೆ ಆದ ಸಣ್ಣ ಪಾರ್ಶ್ವವಾಯುಗಳ ನಂತರ ಕಾಣಿಸುತ್ತದೆ.

ಹಣದ ಲೆಕ್ಕ ತಪ್ಪುತ್ತಿದೆಯೆ? ಕೇಳಿದ್ದನ್ನೇ ಕೇಳುತ್ತಾರೆಯೆ? ನಡೆಯುವಾಗ ಒಂದು ಕೈ ಬೀಸುವುದು ನಿಂತಿದೆಯೆ? ಅಕ್ಷರ ಚಿಕ್ಕದಾಗಿದೆಯೆ? ಇವನ್ನು ಗಮನಿಸಿ, ಬರೆದುಕೊಂಡು ನರರೋಗ ತಜ್ಞರಿಗೆ ತೋರಿಸಿ. ಅದಕ್ಕೂ ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಮಾತು ಸರಿಯಾಗಿ ಕೇಳಿಸದೆ ಗುಂಪಿಗೆ ಹೋಗುವುದನ್ನು ಬಿಟ್ಟವರು, ಪೊರೆ ಬಂದು ಪೇಪರ್ ಬಿಟ್ಟವರು ಎಷ್ಟೋ ಜನ. ಅದು ಮುಪ್ಪಿನ ವೈರಾಗ್ಯವೆಂದು ಮನೆಯವರು ತಿಳಿದಿರುತ್ತಾರೆ. ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯೂ ಜೊತೆಯಲ್ಲಿರಲಿ. ಮನೆಯಲ್ಲಿ ‘ಏನು ಮಾಡ್ತೀರಪ್ಪ?’ ಎಂದು ಕೇಳುವ ಬದಲು, ಅವರೆಕಾಯಿ ಮೊರವನ್ನು ಮುಂದಿಟ್ಟು ನೀವೂ ಸುಲಿಯಲು ಕೂರಿ.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಮನಸ್ಸಿನ ಡಾಕ್ಟರು ಇಲ್ಲ. ಕೂಲಿ ಬಿಟ್ಟು ಬೆಂಗಳೂರಿಗೆ ಹೋಗಲು ಆಗುವುದಿಲ್ಲ. ತಂಗಿಗೆ ತೋರಿಸಬೇಕು, ಮದುವೆಯ ವಯಸ್ಸು, ಊರಲ್ಲಿ ಗೊತ್ತಾಗಬಾರದು.
— ಓದುಗರು, ರಾಯಚೂರು ಜಿಲ್ಲೆ

ಉತ್ತರ: ಬೆಂಗಳೂರು ಬೇಕಾಗಿಲ್ಲ. 1980ರ ದಶಕದಲ್ಲಿ ನಿಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ಮಾಡಿ ತೋರಿಸಿದ್ದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ‘ಮನೋಚೈತನ್ಯ’ ಎಂಬ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಅಥವಾ 14416ಕ್ಕೆ ಕರೆ ಮಾಡಿ. ದೊಡ್ಡ ಆಸ್ಪತ್ರೆ ಬೇಕೆಂದಾದರೆ ಧಾರವಾಡದ ಡಿಮ್ಹಾನ್ಸ್ ಇದೆ. ರೋಗಿಯ ಗುಟ್ಟು ಕಾಯುವುದು ಆಸ್ಪತ್ರೆಯ ಕರ್ತವ್ಯವೆಂದು 2017ರ ಕಾಯ್ದೆ ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಗೆ ನೂರು ಕಾಯಿಲೆಗೆ ಜನ ಬರುತ್ತಾರೆ, ನೀವು ಯಾವುದಕ್ಕೆ ಬಂದಿರೆಂದು ಸಾಲಿನಲ್ಲಿ ನಿಂತವರಿಗೆ ತಿಳಿಯುವುದಿಲ್ಲ.

ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಯಾವಾಗಿನಿಂದ ಹೀಗಿದೆ, ನಿದ್ದೆ–ಊಟ ಹೇಗಿದೆ, ಮುಟ್ಟು ಸರಿಯಾಗಿದೆಯೆ, ಮನೆತನದಲ್ಲಿ ಯಾರಿಗಾದರೂ ಹೀಗಿತ್ತೆ, ಈವರೆಗೆ ಯಾವ ಮಾತ್ರೆ ತೆಗೆದುಕೊಂಡಿದ್ದಾಳೆ. ಇನ್ನೊಂದು ಮುಖ್ಯ ವಿಷಯ. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯಿಲ್ಲದೆ ಅತಿ ಹುರುಪಿನಿಂದ ಓಡಾಡಿ, ಮಿತಿಮೀರಿ ಮಾತಾಡಿ, ಕಂಡಾಪಟ್ಟೆ ಖರ್ಚು ಮಾಡಿದ್ದಳೆ? ಹಾಗಿದ್ದರೆ ಕೊಡುವ ಔಷಧವೇ ಬೇರೆ. ವೈದ್ಯರು ಕೇಳಲು ಮರೆತರೂ ನೀವು ಹೇಳಿ. ಅವರಿಗೆ ತಂಗಿಯ ಜೊತೆ ಒಂದೈದು ನಿಮಿಷ ಬೇರೆಯಾಗಿ ಮಾತಾಡಬೇಕಾಗಬಹುದು. ಆಗ ನೀವು ಹೊರಗೆ ಕೂತಿರಿ.